ಪೊಲೀಸರು ಪಕ್ಕಕ್ಕಿಟ್ಟ ಕಾಗದ ಯಾರದು?

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಮತ್ತು ಇತರ ಮೂವರ ಮೇಲಿನ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆದದ್ದು ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. ತವರಿನಲ್ಲಿ ವಿಚಾರಣೆ ನ್ಯಾಯಯುತವಾಗಿ ನಡೆಯಲಾರದೆಂದು 2003ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಚೆನ್ನೈನಿಂದ ಇಲ್ಲಿಗೆ ವರ್ಗಾಯಿಸಿತ್ತು. ಪರಪ್ಪನ ಅಗ್ರಹಾರದ ಸುತ್ತಲಿನ ಪೊಲೀಸ್ ಬಂದೋಬಸ್ತು, 2014ರ ಶಿಕ್ಷೆ, 2015ರ ಖುಲಾಸೆ, 2017ರಲ್ಲಿ ಮತ್ತೆ ಶಿಕ್ಷೆ, ಇವೆಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದವು. ಅದೇ ಪ್ರಕರಣದ ನಡುವೆ, 2012ರ ಸೆಪ್ಟೆಂಬರ್ 27ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ. ಸದಾಶಿವಂ ಮತ್ತು ರಂಜನ್ ಗೊಗೊಯ್ ಕೊಟ್ಟ ಒಂದು ತೀರ್ಪು ಮಾತ್ರ ಸಾರ್ವಜನಿಕರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ಎರಡನೇ ಆರೋಪಿ ವಿ.ಕೆ. ಶಶಿಕಲಾ ಹಾಕಿದ್ದ ಅರ್ಜಿಯ ಮೇಲಿನ ಆ ತೀರ್ಪು ಅವರ ಹಣೆಬರಹವನ್ನೇನೂ ಬದಲಿಸಲಿಲ್ಲ. ಆದರೆ ಈ ದೇಶದ ಯಾವುದೇ ಠಾಣೆಯಲ್ಲಿ ಯಾವುದೇ ಹೆಸರಿಲ್ಲದ ಮನುಷ್ಯನ ಮೇಲೆ ಮೊಕದ್ದಮೆ ದಾಖಲಾದರೂ ಎದುರಾಗುವ ಪ್ರಶ್ನೆಯೊಂದಕ್ಕೆ ಅದು ಉತ್ತರ ಹೇಳಿತು. ತನಿಖೆಯಲ್ಲಿ ಸಿಕ್ಕಿಯೂ ಪ್ರಾಸಿಕ್ಯೂಷನ್ ಬಳಸದೆ ಬಿಟ್ಟ ದಾಖಲೆಗಳನ್ನು ಆರೋಪಿ ನೋಡಬಹುದೇ ಎಂಬುದು ಆ ಪ್ರಶ್ನೆ.

ಹಿನ್ನೆಲೆ ಹೀಗಿತ್ತು. 1991ರ ಜುಲೈ 1ರಿಂದ 1996ರ ಏಪ್ರಿಲ್ 30ರವರೆಗಿನ ಆಸ್ತಿ ಗಳಿಕೆಯ ಬಗ್ಗೆ ತನಿಖೆ ನಡೆಸಿದ ಅಧಿಕಾರಿಗಳು ಮನೆ, ಕಚೇರಿ, ಬ್ಯಾಂಕುಗಳಿಂದ ರಾಶಿಗಟ್ಟಲೆ ಕಾಗದಪತ್ರ ವಶಪಡಿಸಿಕೊಂಡಿದ್ದರು. 1997ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ವಶಪಡಿಸಿಕೊಂಡ ದಾಖಲೆಗಳಲ್ಲಿ ತನ್ನ ವಾದಕ್ಕೆ ಬೇಕಾದವನ್ನು ಪ್ರಾಸಿಕ್ಯೂಷನ್ ಸಾಕ್ಷ್ಯವಾಗಿ ಗುರುತಿಸಿತು. ಉಳಿದವು ನ್ಯಾಯಾಲಯದ ವಶದಲ್ಲೇ ಇದ್ದವು, ಆದರೆ ನಿಶಾನೆಯಾಗಲಿಲ್ಲ, ಯಾರೂ ಅವುಗಳ ಬಗ್ಗೆ ಮಾತನಾಡಲಿಲ್ಲ. 259 ಸಾಕ್ಷಿಗಳ ವಿಚಾರಣೆ ಮುಗಿದು, ತಮ್ಮ ಮೇಲಿನ ಸಾಕ್ಷ್ಯಕ್ಕೆ ಆರೋಪಿಗಳು ವಿವರಣೆ ಕೊಡುವ ಘಟ್ಟ ಬಂದಾಗ ಶಶಿಕಲಾ ಪರ ವಕೀಲರು ಆ ಗುರುತಿಸದ ದಾಖಲೆಗಳನ್ನು ತೋರಿಸಿ ಎಂದು ಕೇಳಿದರು. ವಿಶೇಷ ನ್ಯಾಯಾಲಯ ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟ್ ಕೂಡ ಒಪ್ಪಲಿಲ್ಲ. ಪ್ರಾಸಿಕ್ಯೂಷನ್ ನೆಚ್ಚಿಕೊಳ್ಳದ ಕಾಗದದಿಂದ ನಿಮಗೇನು ತೊಂದರೆ, ಇಷ್ಟು ತಡವಾಗಿ ಏಕೆ ಕೇಳುತ್ತೀರಿ ಎಂಬುದೇ ಎದುರಿನವರ ವಾದದ ತಿರುಳು. ಕೇಳುವುದಕ್ಕೆ ಅದು ಸಮಂಜಸವಾಗಿಯೇ ಇದೆ. ನನ್ನ ವಿರುದ್ಧ ಬಳಸದ ಕಾಗದದಿಂದ ನನಗೆ ಹಾನಿಯಾಗುವುದು ಹೇಗೆ?

ಸುಪ್ರೀಂ ಕೋರ್ಟ್ ಈ ವಾದವನ್ನು ತಿರುಗಿಸಿ ನೋಡಿತು. ತನಿಖಾಧಿಕಾರಿ ನ್ಯಾಯಾಲಯಕ್ಕೆ ಕಳಿಸಿದ ಕಾಗದಗಳಲ್ಲಿ ಆರೋಪಿಗೆ ಅನುಕೂಲವಾದದ್ದು ಇದ್ದು, ಅದನ್ನು ಪ್ರಾಸಿಕ್ಯೂಷನ್ ಬಳಸದೆ ಬಿಟ್ಟಿದ್ದರೆ ಗತಿಯೇನು? ಆ ಕಾಗದದಿಂದ ತನಗೆ ಉಪಯೋಗವಿದೆಯೇ ಇಲ್ಲವೇ ಎಂದು ತೀರ್ಮಾನಿಸಬೇಕಾದವನು ಆರೋಪಿ. ಅದನ್ನು ಅವನ ಪರವಾಗಿ ಪ್ರಾಸಿಕ್ಯೂಷನ್ ಆಗಲಿ ನ್ಯಾಯಾಲಯವಾಗಲಿ ಮೊದಲೇ ಊಹಿಸಿ ಹೇಳಲಾಗದು. ತನಗೆ ಅನ್ಯಾಯವಾದೀತು ಎಂಬ ಅವನ ಆತಂಕಕ್ಕೆ ತಕ್ಕ ಆಧಾರವಿದ್ದರೆ ಅದನ್ನು ಬೇಗ ನಿವಾರಿಸುವುದು ಪ್ರಾಸಿಕ್ಯೂಷನ್ ಮತ್ತು ನ್ಯಾಯಾಲಯ ಎರಡರ ಕರ್ತವ್ಯ ಎಂಬುದು ತೀರ್ಪಿನ ಸಾರ. ತಡವಾಗಿ ಕೇಳಿದ್ದು ಹಕ್ಕನ್ನೇ ಅಳಿಸುವ ಕಾರಣವಾಗಲಿಲ್ಲ. ದಾಖಲೆಗಳನ್ನು ಪರಿಶೀಲಿಸಲು ಅವಕಾಶ ಕೊಡಲಾಯಿತು. ಈ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಹಿಂದಿರುವ ನೋಟ. ತನಿಖೆಯೆಂದರೆ ಒಂದು ಪಕ್ಷದ ಸಿದ್ಧತೆ ಎಂದು ಭಾವಿಸಿದರೆ ಸಿಕ್ಕಿದ್ದೆಲ್ಲ ಆ ಪಕ್ಷದ ಸ್ವತ್ತಾಗುತ್ತದೆ, ಬೇಕಾದ್ದನ್ನು ಎತ್ತಿಕೊಂಡು ಬೇಡವಾದ್ದನ್ನು ಮೂಲೆಗಿಡಬಹುದು. ತನಿಖೆ ಸತ್ಯ ತಿಳಿಯಲೆಂದು ಸರ್ಕಾರ ನಡೆಸುವ ಕೆಲಸ ಎಂದು ಭಾವಿಸಿದರೆ, ಸಾರ್ವಜನಿಕ ಅಧಿಕಾರ ಬಳಸಿ ಮನೆಗೆ ನುಗ್ಗಿ ತಂದ ಕಾಗದ ಅದನ್ನು ತಂದವರದಾಗಿ ಉಳಿಯುವುದಿಲ್ಲ. ಎರಡನೆಯ ನೋಟವೇ ಸರಿ. ಅದು ಸರಿಯಾದರೆ, ಏನೇನು ಪಕ್ಕಕ್ಕಿಡಲಾಗಿದೆ ಎಂಬುದರ ಪಟ್ಟಿ ಆರೋಪಿಯ ಕೈಗೆ ಮೊದಲ ದಿನವೇ ಬರಬೇಕು.

ನಮ್ಮ ಶಾಸನ ಇಲ್ಲಿಯವರೆಗೆ ಹೋಗುವುದಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 207ನೇ ಕಲಂ ಆರೋಪಿಗೆ ಪೊಲೀಸ್ ವರದಿ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ ಮತ್ತು ಪ್ರಾಸಿಕ್ಯೂಷನ್ ನೆಚ್ಚಿಕೊಳ್ಳುವ ದಾಖಲೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕೆಂದು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಅದನ್ನೇ ಮುಂದುವರಿಸಿ, ಆರೋಪಿ ಹಾಜರಾದ 14 ದಿನಗಳೊಳಗೆ ಕೊಡಬೇಕೆಂಬ ಗಡುವು ಸೇರಿಸಿದೆ. ಗಡುವು ಸ್ವಾಗತಾರ್ಹ. ಆದರೆ ಕೊಡಬೇಕಾದ್ದು ಅದೇ ಹಳೆಯ ಕಟ್ಟು. ನೆಚ್ಚಿಕೊಳ್ಳದ ದಾಖಲೆಗಳ ಬಗ್ಗೆ ಒಂದು ಮಾತೂ ಇಲ್ಲ. ಇಡೀ ಸಂಹಿತೆಯನ್ನೇ ಹೊಸದಾಗಿ ಬರೆದ ಸಂಸತ್ತಿಗೆ ಈ ಕೊರತೆ ತುಂಬುವ ಸುವರ್ಣಾವಕಾಶವಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ದಾರಿಯನ್ನೂ ಹಾಕಿಕೊಟ್ಟಿತ್ತು. ಕ್ರಿಮಿನಲ್ ವಿಚಾರಣೆಗಳ ಲೋಪದೋಷಗಳನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ನ್ಯಾಯಾಲಯ 2021ರ ಏಪ್ರಿಲ್ 20ರಂದು ಕರಡು ನಿಯಮಗಳನ್ನು ಅಂಗೀಕರಿಸಿ, ಆರು ತಿಂಗಳೊಳಗೆ ಅವನ್ನು ಅಳವಡಿಸಿಕೊಳ್ಳುವಂತೆ ಎಲ್ಲ ಹೈಕೋರ್ಟುಗಳಿಗೆ ಸೂಚಿಸಿತು. ತನಿಖಾಧಿಕಾರಿ ನೆಚ್ಚಿಕೊಳ್ಳದ ಹೇಳಿಕೆ, ದಾಖಲೆ, ಮುದ್ದೆಮಾಲುಗಳನ್ನೂ ಪಟ್ಟಿಯಲ್ಲಿ ನಮೂದಿಸಬೇಕು ಎಂಬುದು ಅದರ ನಾಲ್ಕನೇ ನಿಯಮದ ವಿವರಣೆಯಲ್ಲಿದೆ. ಎರಡು ವರ್ಷದ ನಂತರ ಬಂದ ಹೊಸ ಸಂಹಿತೆ ಆ ಒಂದು ಸಾಲನ್ನು ತನ್ನೊಳಗೆ ಸೇರಿಸಿಕೊಳ್ಳಲಿಲ್ಲ.

ಹಾಗಾಗಿ ಈ ಹಕ್ಕು ಇವತ್ತು ತೀರ್ಪಿನಿಂದ ತೀರ್ಪಿಗೆ ದಾಟುತ್ತ ಬದುಕಿದೆ. ಇಂದೋರಿನಲ್ಲಿ 2011ರಲ್ಲಿ ಮೂವರು ಮಹಿಳೆಯರ ಕೊಲೆಯಾದ ಪ್ರಕರಣದಲ್ಲಿ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸುತ್ತಾ, 2022ರ ಮೇ 20ರಂದು ಮೂವರು ನ್ಯಾಯಮೂರ್ತಿಗಳ ಪೀಠ ಈ ಪಟ್ಟಿ ಕೊಡುವುದು ಪ್ರಾಸಿಕ್ಯೂಷನ್‌ನ ಕರ್ತವ್ಯವೆಂದಿತು. ಅದೇ ವರ್ಷದ ನವೆಂಬರ್‌ನಲ್ಲಿ, ಚೆನ್ನೈನ ವೈದ್ಯರೊಬ್ಬರ ಕೊಲೆಯ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಮತ್ತು ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಬಹುಮತದ ತೀರ್ಪು, ಹೈಕೋರ್ಟುಗಳು ನಿಯಮ ಅಳವಡಿಸಿಕೊಳ್ಳಲಿ ಬಿಡಲಿ ಈ ಹಕ್ಕು ವಿಚಾರಣೆಯ ಆರಂಭದಲ್ಲೇ ಲಭಿಸಬೇಕೆಂದಿತು. ಪೀಠದ ಮೂರನೇ ಸದಸ್ಯೆ ನ್ಯಾಯಮೂರ್ತಿ ಬೇಲಾ ತ್ರಿವೇದಿ ಭಿನ್ನ ನಿಲುವು ಬರೆದರು. 2025ರ ಮೇ 7ರಂದು ನ್ಯಾಯಮೂರ್ತಿ ಅಭಯ್ ಓಕ ಅವರಿದ್ದ ಪೀಠ, ಜಾರಿ ನಿರ್ದೇಶನಾಲಯ ಹೂಡುವ ಹಣ ಅಕ್ರಮ ವರ್ಗಾವಣೆ ಪ್ರಕರಣಗಳಿಗೂ ಇದೇ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ಜಾಮೀನು ಸಿಗಬೇಕಾದರೆ ತಾನು ತಪ್ಪಿತಸ್ಥನಲ್ಲವೆಂದು ಆರೋಪಿಯೇ ಮೇಲ್ನೋಟಕ್ಕೆ ತೋರಿಸಬೇಕೆನ್ನುವ ಕಾನೂನಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ದಾಖಲೆಗಳೆಲ್ಲ ಎದುರಾಳಿಯ ಕಪಾಟಿನಲ್ಲಿದ್ದರೆ ಅವನು ತೋರಿಸುವುದಾದರೂ ಏನನ್ನು?

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಕಾನೂನಿನ ಒಳಗಿನಿಂದಲೇ ಬರುತ್ತದೆ. ಆರೋಪಿಗೆ ಈಗಾಗಲೇ ದಾರಿಗಳಿವೆಯಲ್ಲ ಎಂಬುದು ಅದು. ತನ್ನ ಪರ ಸಾಕ್ಷ್ಯ ಹಾಜರುಪಡಿಸುವ ಹಂತದಲ್ಲಿ ಯಾವುದೇ ದಾಖಲೆಯನ್ನು ತರಿಸಿಕೊಡಿ ಎಂದು ಅವನು ನ್ಯಾಯಾಲಯವನ್ನು ಕೇಳಬಹುದು. ತನಿಖಾಧಿಕಾರಿಯನ್ನು ಪಾಟಿಸವಾಲಿಗೆ ಒಳಪಡಿಸಬಹುದು. ಆರೋಪ ಹೊರಿಸುವ ಹಂತದಲ್ಲೇ ಇದನ್ನೆಲ್ಲ ಬಿಚ್ಚಿದರೆ ವಿಚಾರಣೆಗೆ ಮೊದಲೇ ಇನ್ನೊಂದು ವಿಚಾರಣೆ ನಡೆದಂತಾಗುತ್ತದೆ. 2004ರಲ್ಲಿ ಒಡಿಶಾದ ದೇಬೇಂದ್ರನಾಥ್ ಪಾಢಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು, ಆರೋಪ ಹೊರಿಸುವಾಗ ಆರೋಪಿ ತನ್ನ ಪರವಾದ ದಾಖಲೆ ತರಿಸಿಕೊಳ್ಳುವ ಹಕ್ಕು ಹೊಂದಿಲ್ಲ ಎಂದದ್ದು ಈ ಭಯದಿಂದಲೇ. ಕರ್ನಾಟಕದಿಂದಲೇ ಹೋದ ಇನ್ನೊಂದು ಮೊಕದ್ದಮೆಯಲ್ಲಿ, ನಿತ್ಯಾನಂದ ಆಶ್ರಮಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ಕೊಂಚ ಸಡಿಲಿಸಿತು. ತನಿಖಾಧಿಕಾರಿ ಬಚ್ಚಿಟ್ಟ ವಸ್ತು ಅತ್ಯಂತ ನಂಬಲರ್ಹವಾದದ್ದು ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅದನ್ನು ತರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅದು ಆರೋಪಿಯ ಹಕ್ಕಿನ ಬೇಡಿಕೆಯಲ್ಲ ಎಂದಿತು.

ಈ ಎರಡು ತೀರ್ಪುಗಳ ಕಾಳಜಿ ನ್ಯಾಯವಾದದ್ದೇ. ಆರೋಪ ಹೊರಿಸುವ ದಿನವೇ ಇಡೀ ಪ್ರಕರಣವನ್ನು ತೂಗಿ ನೋಡಲು ಆಗುವುದಿಲ್ಲ. ಆದರೆ ಪಟ್ಟಿ ಕೊಡಿ ಎಂಬ ಬೇಡಿಕೆಯನ್ನು ಅವು ಕೆಡಿಸಲಾರವು. ತರಿಸಿಕೊಡಿ ಎಂದು ಕೇಳಬೇಕಾದರೆ ಅಂಥದ್ದೊಂದು ಇದೆ ಎಂದು ಮೊದಲು ಗೊತ್ತಿರಬೇಕು. ಒಬ್ಬ ಕೂಲಿಕಾರನ ಮೇಲೆ ಕಳ್ಳತನದ ಆರೋಪವಿದೆ, ಆ ರಾತ್ರಿಯ ರಸ್ತೆಯ ಸಿಸಿಟಿವಿ ದೃಶ್ಯವನ್ನು ಪೊಲೀಸರು ಪಕ್ಕದ ಅಂಗಡಿಯಿಂದ ಪಡೆದಿದ್ದಾರೆ, ಅದರಲ್ಲಿ ಅವನಿಲ್ಲ ಎಂದಿಟ್ಟುಕೊಳ್ಳಿ. ಆರೋಪಪಟ್ಟಿಯಲ್ಲಿ ಅದರ ಉಲ್ಲೇಖವೇ ಇಲ್ಲದಿದ್ದರೆ ಅವನ ವಕೀಲರು ಯಾವ ಅರ್ಜಿ ಬರೆಯಬೇಕು? ಪಾಟಿಸವಾಲಿನಲ್ಲಿ ಬೇರೇನಾದರೂ ಸಂಗ್ರಹಿಸಿದ್ದೀರಾ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಹೌದು ಎಂಬ ಉತ್ತರ ಬಂದರೂ ಅದು ವರ್ಷಗಳ ನಂತರ ಬರುತ್ತದೆ. ಅಷ್ಟರಲ್ಲಿ ಅಂಗಡಿಯವನ ಯಂತ್ರ ಹಳೆಯ ದೃಶ್ಯದ ಮೇಲೆ ಹೊಸದನ್ನು ಎಷ್ಟೋ ಸಲ ಬರೆದಿರುತ್ತದೆ, ಮೊಬೈಲ್ ಕಂಪನಿ ಕರೆ ವಿವರಗಳನ್ನು ಅಳಿಸಿರುತ್ತದೆ. ದೂರಸಂಪರ್ಕ ಕಂಪನಿಗಳು ಆ ವಿವರಗಳನ್ನು ಉಳಿಸಿಕೊಳ್ಳಬೇಕಾದ ಕನಿಷ್ಠ ಅವಧಿ ಎರಡು ವರ್ಷ. ನಮ್ಮಲ್ಲಿ ಎಷ್ಟು ಸೆಷನ್ಸ್ ಪ್ರಕರಣಗಳು ಎರಡು ವರ್ಷದೊಳಗೆ ಆರೋಪಿಯ ಪರ ಸಾಕ್ಷ್ಯದ ಹಂತ ತಲುಪುತ್ತವೆ ಎಂಬುದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಇದು ಕೇವಲ ಕಲ್ಪನೆಯ ಅಪಾಯವಲ್ಲ. 2010ರ ಫೆಬ್ರುವರಿಯಲ್ಲಿ ವಾರಾಣಸಿಯ ಹೋಟೆಲೊಂದರಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತ. ಅವನ ಜೊತೆಗಿದ್ದ ಇಬ್ಬರು ಇಟಾಲಿಯನ್ನರ ಮೇಲೆ ಕೊಲೆ ಆರೋಪ ಬಂತು. ಕೋಣೆಯಲ್ಲಿ ಆ ರಾತ್ರಿ ಬೇರೆ ಯಾರೂ ಇರಲಿಲ್ಲ ಎಂಬುದೇ ಆರೋಪದ ಬೆನ್ನೆಲುಬು. ಹೋಟೆಲಿನಲ್ಲಿ ಸಿಸಿಟಿವಿ ಇತ್ತು, ತನಿಖಾಧಿಕಾರಿಯೇ ಆ ದೃಶ್ಯಗಳನ್ನು ನೋಡಿದ್ದರು. ನ್ಯಾಯಾಲಯಕ್ಕೆ ಮಾತ್ರ ಅವು ಬರಲಿಲ್ಲ. ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು, ಅಲಹಾಬಾದ್ ಹೈಕೋರ್ಟ್ ಎತ್ತಿಹಿಡಿಯಿತು. 2015ರ ಜನವರಿ 20ರಂದು ಸುಪ್ರೀಂ ಕೋರ್ಟ್, ಅತ್ಯುತ್ತಮ ಸಾಕ್ಷ್ಯವನ್ನೇ ತಡೆಹಿಡಿದವರ ವಿರುದ್ಧ ಪ್ರತಿಕೂಲ ಊಹೆ ಮಾಡಬೇಕಾಗುತ್ತದೆಂದು ಹೇಳಿ ಇಬ್ಬರನ್ನೂ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರು ಸುಮಾರು ಐದು ವರ್ಷ ಜೈಲಿನಲ್ಲಿ ಕಳೆದಿದ್ದರು. ದೃಶ್ಯದಲ್ಲಿ ಏನಿತ್ತೆಂದು ತೀರ್ಪು ಕೊಟ್ಟ ಯಾವ ನ್ಯಾಯಾಧೀಶರೂ ನೋಡಲಿಲ್ಲ. ಅವರು ನಿರಪರಾಧಿಗಳಾಗಿದ್ದರೆ ಐದು ವರ್ಷ ಹಾಳಾಯಿತು, ಅಪರಾಧಿಗಳಾಗಿದ್ದರೆ ಸತ್ತವನ ತಂದೆತಾಯಿಗೆ ನ್ಯಾಯ ಸಿಗಲಿಲ್ಲ. ದಾಖಲೆ ಮುಚ್ಚಿಟ್ಟದ್ದರಿಂದ ಇಬ್ಬರಲ್ಲಿ ಯಾರಿಗೂ ಲಾಭವಾಗಲಿಲ್ಲ. ಬಚ್ಚಿಟ್ಟವರ ವಿರುದ್ಧ ಪ್ರತಿಕೂಲ ಊಹೆ ಮಾಡುವ ನಿಯಮ ಸಾಕ್ಷ್ಯ ಕಾನೂನಿನಲ್ಲಿದೆ, ಅಷ್ಟೇ ಸಾಕಲ್ಲವೇ ಎನ್ನುವವರು ಈ ಪ್ರಕರಣವನ್ನು ಗಮನಿಸಬೇಕು. ಆ ನಿಯಮ ಕೈಗೆ ಬಂದದ್ದು ಕೊನೆಯ ಮೇಲ್ಮನವಿಯಲ್ಲಿ.

ಎಲ್ಲ ಪೊಲೀಸರೂ ಬೇಕೆಂದೇ ಬಚ್ಚಿಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ತನಿಖಾಧಿಕಾರಿ ಪ್ರಾಮಾಣಿಕನಾಗಿದ್ದರೂ ಸಮಸ್ಯೆ ಉಳಿಯುತ್ತದೆ. ಇವನೇ ತಪ್ಪಿತಸ್ಥ ಎಂದು ಮನಸ್ಸಿಗೆ ಒಮ್ಮೆ ಖಚಿತವಾದ ಮೇಲೆ ಅದಕ್ಕೆ ಹೊಂದದ ಕಾಗದ ಅಪ್ರಸ್ತುತವಾಗಿ ಕಾಣುವುದು ಮನುಷ್ಯ ಸಹಜ. ಇಂಗ್ಲೆಂಡಿನಲ್ಲಿ ನೆಚ್ಚಿಕೊಳ್ಳದ ದಾಖಲೆಗಳನ್ನು ಆರೋಪಿಗೆ ತಿಳಿಸಬೇಕೆಂಬ ಶಾಸನ 1996ರಿಂದಲೂ ಇದೆ. ಹಾಗಿದ್ದೂ 2017ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಾಯ್ಡನ್ ನ್ಯಾಯಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಮೇಲಿನ ಅತ್ಯಾಚಾರದ ವಿಚಾರಣೆ ಕುಸಿದುಬಿತ್ತು. ದೂರುದಾರಳ ಫೋನಿನಿಂದ ಇಳಿಸಿಕೊಂಡ ಸುಮಾರು 40,000 ಸಂದೇಶಗಳು ಪೊಲೀಸರ ಬಳಿಯೇ ಇದ್ದವು, ಆರೋಪಿಯ ವಾದವನ್ನು ಬೆಂಬಲಿಸುವ ಸಂದೇಶಗಳು ಅವುಗಳಲ್ಲಿದ್ದವು. ಹೊಸದಾಗಿ ಪ್ರಕರಣ ವಹಿಸಿಕೊಂಡ ಪ್ರಾಸಿಕ್ಯೂಷನ್ ವಕೀಲರು ಕೇಳಿದಾಗಷ್ಟೇ ಅವು ಹೊರಬಂದವು. ಶಾಸನವಿದ್ದ ದೇಶದಲ್ಲೇ ಹೀಗಾದರೆ ಶಾಸನವೇ ಇಲ್ಲದ ಕಡೆ ಏನಾಗುತ್ತಿರಬಹುದು ಎಂಬುದನ್ನು ಯೋಚಿಸಬೇಕು. ಮುಂದಿನ ದಿನಗಳಲ್ಲಿ ಇದು ನಮಗೂ ದೊಡ್ಡ ಸಮಸ್ಯೆಯಾಗಲಿದೆ. ಹೊಸ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸುವುದನ್ನು ಕಡ್ಡಾಯಗೊಳಿಸಿದೆ. ಫೋನು, ಕ್ಯಾಮೆರಾ, ಬ್ಯಾಂಕ್ ಖಾತೆ ಎಲ್ಲವೂ ಸೇರಿದರೆ ಸಂಗ್ರಹವಾಗುವುದು ಬೆಟ್ಟದಷ್ಟು, ನ್ಯಾಯಾಲಯದ ಮುಂದೆ ಬರುವುದು ಬೊಗಸೆಯಷ್ಟು.

ಇನ್ನು ಸಂತ್ರಸ್ತರ ಮತ್ತು ಸಾಕ್ಷಿಗಳ ಮಾತು. ಅತ್ಯಾಚಾರಕ್ಕೆ ಒಳಗಾದ ಹೆಣ್ಣಿನ ಫೋನಿನ ಎಲ್ಲವನ್ನೂ, ಗುಟ್ಟಾಗಿ ಮಾಹಿತಿ ಕೊಟ್ಟವನ ಹೆಸರನ್ನು, ಆರೋಪಿಯ ಮುಂದೆ ಹರಡಬೇಕೇ? ಖಂಡಿತ ಬೇಡ. ಇದು ಗಂಭೀರವಾದ ಆತಂಕ, ಅದಕ್ಕೆ ಉತ್ತರವೂ ನಮ್ಮ ನ್ಯಾಯಾಲಯಗಳಲ್ಲೇ ಇದೆ. ಕೇರಳದ ನಟಿಯೊಬ್ಬರ ಮೇಲಿನ ದೌರ್ಜನ್ಯ ಪ್ರಕರಣದಲ್ಲಿ ಆರೋಪಿಯಾಗಿದ್ದ ನಟ ದಿಲೀಪ್ ಮೆಮೊರಿ ಕಾರ್ಡಿನ ಪ್ರತಿ ಕೇಳಿದಾಗ, 2019ರ ನವೆಂಬರ್ 29ರಂದು ಸುಪ್ರೀಂ ಕೋರ್ಟ್ ಅದರಲ್ಲಿರುವುದು ದಾಖಲೆಯೇ, ಸಾಮಾನ್ಯವಾಗಿ ಅದರ ಪ್ರತಿ ಕೊಡಲೇಬೇಕು ಎಂದಿತು. ಆದರೆ ಸಂತ್ರಸ್ತೆಯ ಖಾಸಗಿತನ ಕಾಪಾಡಲು ಇಲ್ಲಿ ಪ್ರತಿ ಕೊಡದೆ, ಆರೋಪಿ ಮತ್ತು ವಕೀಲರು ತಜ್ಞರೊಂದಿಗೆ ಪರಿಶೀಲಿಸಲು ಮಾತ್ರ ಅವಕಾಶವಿತ್ತಿತು. ನೋಡುವುದು ಬೇರೆ, ಕೈಗೆ ಕೊಡುವುದು ಬೇರೆ. ಪಟ್ಟಿಯಲ್ಲಿ ನಮೂದಿಸುವುದು ಇವೆರಡಕ್ಕಿಂತಲೂ ಕಡಿಮೆಯದು. ಸಾಕ್ಷಿಯ ಹೇಳಿಕೆಯ ಭಾಗವೊಂದನ್ನು ಆರೋಪಿಗೆ ತಿಳಿಸುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲವೆಂದು ಪೊಲೀಸರಿಗೆ ಅನಿಸಿದರೆ, ಕಾರಣ ಬರೆದು ನ್ಯಾಯಾಧೀಶರಿಗೆ ಹೇಳುವ ವ್ಯವಸ್ಥೆ ಹಳೆಯ ಸಂಹಿತೆಯಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ. ತೀರ್ಮಾನ ನ್ಯಾಯಾಧೀಶರದು. ಪಟ್ಟಿಯೇ ಇಲ್ಲದಿದ್ದಾಗ ಆ ತೀರ್ಮಾನ ಠಾಣೆಯಲ್ಲೇ ಆಗಿಹೋಗುತ್ತದೆ, ಕಾರಣ ಬರೆಯುವ ಹೊಣೆಯೂ ಯಾರಿಗೂ ಇರುವುದಿಲ್ಲ. ಕೇಸ್ ಡೈರಿಗೆ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಪಟ್ಟಿಯ ಬೇಡಿಕೆ ಮುಟ್ಟುವುದೂ ಇಲ್ಲ.

ವಿಳಂಬದ ಆಕ್ಷೇಪ ಉಳಿದಿದೆ. ಶಶಿಕಲಾ ಪ್ರಕರಣದಲ್ಲಿ ಅದಕ್ಕೆ ಪುಷ್ಟಿಯೂ ಇತ್ತು. 1997ರ ಆರೋಪಪಟ್ಟಿಗೆ 2014ರಲ್ಲಿ ತೀರ್ಪು ಬಂದ ಆ ಮೊಕದ್ದಮೆಯಲ್ಲಿ ಆರೋಪಿಗಳ ಅರ್ಜಿಗಳಿಗೆ ಲೆಕ್ಕವಿರಲಿಲ್ಲ, ಕಾಲಹರಣದ ತಂತ್ರವೆಂಬ ಟೀಕೆಯೂ ಇತ್ತು. ಆದರೆ ಆ ಅರ್ಜಿ ಅಷ್ಟು ತಡವಾಗಿ ಬಂದದ್ದಕ್ಕೆ, ಅದರ ಮೇಲೆ ಮೂರು ನ್ಯಾಯಾಲಯಗಳಲ್ಲಿ ವಾದ ನಡೆದದ್ದಕ್ಕೆ ಕಾರಣ ಆರಂಭದಲ್ಲೇ ಪಟ್ಟಿ ಕೊಟ್ಟು, ಪರಿಶೀಲನೆ ಮುಗಿಸುವ ನಿಯಮ ಇಲ್ಲದ್ದು. ವಿಚಾರಣೆ ಎಳೆಯಬಯಸುವವನಿಗೆ ಮುಚ್ಚಿಟ್ಟ ದಾಖಲೆಗಿಂತ ಒಳ್ಳೆಯ ನೆಪ ಬೇರೆ ಬೇಕಿಲ್ಲ. 14 ದಿನದ ಗಡುವಿನೊಳಗೆ ಪಟ್ಟಿಯೂ ಬಂದುಬಿಟ್ಟರೆ ಆಮೇಲೆ ಕೇಳಲು ಅವನಿಗೆ ಏನೂ ಉಳಿಯುವುದಿಲ್ಲ. ಜಪ್ತಿ ಮಾಡಿದ ವಸ್ತುಗಳಿಗೆ ಮಹಜರು ಹೇಗೂ ಬರೆಯಲೇಬೇಕು. ಅದರಲ್ಲಿ ಯಾವುದನ್ನು ನೆಚ್ಚಿಕೊಂಡಿಲ್ಲ ಎಂದು ಇನ್ನೊಂದು ಹಾಳೆಯಲ್ಲಿ ಬರೆಯುವುದು ಠಾಣೆಗೆ ಹೊರಲಾರದ ಹೊರೆಯಲ್ಲ.

ತಪ್ಪಿತಸ್ಥರು ಇದರಿಂದ ತಪ್ಪಿಸಿಕೊಳ್ಳುತ್ತಾರೆ ಎನ್ನುವವರು ಎರಡು ಪ್ರಕರಣಗಳ ಅಂತ್ಯ ನೋಡಲಿ. ದೆಹಲಿಯ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಪ್ರಾಸಿಕ್ಯೂಷನ್‌ಗೆ ದಾಖಲೆ ತಿಳಿಸುವ ಕರ್ತವ್ಯವಿದೆ ಎಂದು ವಿವರವಾಗಿ ಹೇಳಿತು, ಅದೇ ತೀರ್ಪಿನಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ಪೀಠದಲ್ಲಿಯೂ ಸದಾಶಿವಂ ಇದ್ದರು. ಬೆಂಗಳೂರಿನಲ್ಲಿ ದಾಖಲೆ ಪರಿಶೀಲಿಸುವ ಅವಕಾಶ ಪಡೆದ ಆರೋಪಿಗೆ, ಸುಪ್ರೀಂ ಕೋರ್ಟಿನ ಆ ತೀರ್ಪು ಬಂದು ಸರಿಯಾಗಿ ಎರಡು ವರ್ಷಕ್ಕೆ, 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ನಾಲ್ಕು ವರ್ಷದ ಶಿಕ್ಷೆ ವಿಧಿಸಿದರು. ಹೈಕೋರ್ಟಿನ ಖುಲಾಸೆಯನ್ನು ರದ್ದುಗೊಳಿಸಿ 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಮರಳಿ ನೀಡಿತು. ಎಲ್ಲವನ್ನೂ ನೋಡುವ ಅವಕಾಶ ಸಿಕ್ಕಿದ ಆರೋಪಿಗೆ ಆದ ಶಿಕ್ಷೆಯ ಮೇಲೆ, ನನಗೆ ಕಾಗದ ತೋರಿಸಲಿಲ್ಲ ಎಂಬ ದೂರು ಉಳಿಯಲಿಲ್ಲ. ಗಟ್ಟಿಯಾದ ಪ್ರಕರಣಕ್ಕೆ ಇದರಿಂದ ಇನ್ನಷ್ಟು ಗಟ್ಟಿತನವೇ ಬರುತ್ತದೆ.

ಶಶಿಕಲಾ ಅವರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇತ್ತು. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರಲ್ಲಿ ಹೆಚ್ಚಿನವರಿಗೆ ಆ ಶಕ್ತಿ ಇಲ್ಲ. ಅವರ ಪಾಲಿಗೆ ಹಕ್ಕು ಕಾನೂನು ವರದಿಗಳಲ್ಲಿ ಅಚ್ಚಾಗಿದ್ದರೆ ಸಾಲದು, ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಪ್ರತಿಗಳ ಕಟ್ಟಿನೊಂದಿಗೆ ಪಟ್ಟಿಯೂ ಬರಬೇಕು. ಸಂಸತ್ತು 230ನೇ ಕಲಮಿಗೆ ಒಂದು ಸಾಲು ಸೇರಿಸಿದರೆ ಈ ಕೆಲಸ ಆಗುತ್ತದೆ. ಅದು ಆಗುವವರೆಗೆ ಜಿಲ್ಲಾ ಮತ್ತು ತಾಲ್ಲೂಕು ಕೋರ್ಟುಗಳ ವಕೀಲರು, ಅದರಲ್ಲೂ ಕಾನೂನು ಸೇವಾ ಪ್ರಾಧಿಕಾರದ ಪರವಾಗಿ ಬಡವರ ಪ್ರಕರಣ ನಡೆಸುವವರು, ಆರೋಪಪಟ್ಟಿಯ ಪ್ರತಿ ಕೈಗೆ ಬಂದ ದಿನವೇ ಒಂದು ಪುಟದ ಅರ್ಜಿ ಹಾಕಿ ನೆಚ್ಚಿಕೊಳ್ಳದ ದಾಖಲೆಗಳ ಪಟ್ಟಿ ಕೇಳಬೇಕು. 2012, 2021, 2022 ಮತ್ತು 2025ರ ಸುಪ್ರೀಂ ಕೋರ್ಟ್ ಆದೇಶಗಳು ಆ ಅರ್ಜಿಯ ಬೆಂಬಲಕ್ಕಿವೆ.